ಕಾರಿನ ಗೀರು, ನೆಗ್ಗು: ಕಂಪನಿ ಬಣ್ಣ ಕೆಡದಂತೆ ನಾನು ಸರಿಮಾಡುವ ರೀತಿ

ಗೀರು ಕಂಡ ತಕ್ಷಣ ಕೈಗೆ ಸಿಕ್ಕಿದ್ದನ್ನು ಹಚ್ಚಿ ಉಜ್ಜುವ ಮೊದಲು ಒಂದು ಎ4 ಹಾಳೆಯನ್ನು ಎರಡು ಬೆರಳಿನ ನಡುವೆ ಹಿಡಿದು ನೋಡಿ. ಕಾರಿನ ತಗಡಿನ ಮೇಲೆ ಕಂಪನಿ ಹಾಕಿದ ಎಲ್ಲ ಪದರ ಸೇರಿದರೂ ದಪ್ಪ ಹೆಚ್ಚುಕಮ್ಮಿ ಅಷ್ಟೇ, ಸುಮಾರು 100 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ. ತಗಡಿಗೆ ಅಂಟಿಕೊಂಡಂತೆ ತುಕ್ಕು ತಡೆಯುವ ಪದರ 20 ಮೈಕ್ರಾನ್, ಅದರ ಮೇಲೆ ಬಣ್ಣ ಹಿಡಿದು ಕೂರಲು ಹಾಕುವ ಪ್ರೈಮರ್ 30ರ ಆಸುಪಾಸು, ನಾವು ‘ಕಾರಿನ ಬಣ್ಣ’ ಅನ್ನುವ ಬೇಸ್ ಕೋಟ್ ಬರೀ 15, ಎಲ್ಲಕ್ಕಿಂತ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ 35ರಿಂದ 45. ತಲೆಕೂದಲು ಈ ಕ್ಲಿಯರ್ ಕೋಟಿಗಿಂತ ದಪ್ಪ ಇರುತ್ತದೆ. ಹೊಳಪು, ಬಿಸಿಲು ತಡೆಯುವ ಶಕ್ತಿ ಎರಡೂ ಇರುವುದು ಆ ಕ್ಲಿಯರ್ ಕೋಟಿನಲ್ಲಿ. ಪಾಲಿಶ್, ಕಾಂಪೌಂಡ್ (ಗೀರು ಉಜ್ಜುವ ಪೇಸ್ಟ್), ವಾಟರ್ ಪೇಪರ್ (ನೀರು ಹಾಕಿ ತಿಕ್ಕುವ ಮರಳುಕಾಗದ) ಎಲ್ಲವೂ ಅದನ್ನೇ ಸವೆಸುತ್ತವೆ. ಒಂದೇ ಜಾಗದಲ್ಲಿ ಕಾರಿನ ಆಯುಷ್ಯವಿಡೀ ಸೇರಿ 10 ಮೈಕ್ರಾನಿಗಿಂತ ಹೆಚ್ಚು ತೆಗೆಯಬಾರದು ಎಂಬ ಲೆಕ್ಕ ಇಟ್ಟುಕೊಂಡೇ ನಾನು ಕೈ ಹಾಕುವುದು.

ಕಂಪನಿ ಬಣ್ಣವನ್ನು ಇಷ್ಟು ಜೋಪಾನ ಮಾಡುವುದಕ್ಕೆ ಕಾರಣವಿದೆ. ಕಾರ್ಖಾನೆಯಲ್ಲಿ ಬಾಡಿ ಖಾಲಿ ತಗಡಾಗಿರುವಾಗಲೇ ಬಣ್ಣ ಬೇಯುತ್ತದೆ: ಕೆಳಗಿನ ತುಕ್ಕುನಿರೋಧಕ ಪದರ 170 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ, ಕ್ಲಿಯರ್ 140ರ ಸುಮಾರಿಗೆ. ವೈರಿಂಗ್, ರಬ್ಬರ್, ಸೀಟು ಎಲ್ಲ ಸೇರಿದ ಕಾರನ್ನು ಗ್ಯಾರೇಜಿನ ಪೇಂಟ್ ಬೂತ್‌ನಲ್ಲಿ 60, 70 ಡಿಗ್ರಿಗಿಂತ ಮೇಲೆ ಬಿಸಿ ಮಾಡಲಾಗುವುದಿಲ್ಲ. ಎಷ್ಟೇ ಒಳ್ಳೆಯ ಪೇಂಟರ್ ಆದರೂ ಆ ಮೊದಲಿನ ಗಟ್ಟಿತನ ಮತ್ತೆ ಬರುವುದಿಲ್ಲ. ಹಾಗಾಗಿ ಎರಡು ಇಂಚಿನ ಗೀರಿಗೆ ಇಡೀ ಡೋರ್ ಪೇಂಟ್ ಮಾಡಿಸಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮೊದಲು ಆಳ ನೋಡಿ.

ಆಳ ನೋಡಲು ಆ ಜಾಗ ಶುದ್ಧವಾಗಿರಬೇಕು. ಶಾಂಪೂ ನೀರಲ್ಲಿ ತೊಳೆದು, ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತಿ ಒರೆಸಿ, ನೆರಳಲ್ಲಿ ನಿಲ್ಲಿಸಿ. ಗೀರಿನ ಮೇಲೆ ನಾಲ್ಕು ಹನಿ ನೀರು ಹಾಕಿ. ಒದ್ದೆ ಇರುವಷ್ಟು ಹೊತ್ತು ಗೀರು ಮಾಯವಾಗಿ, ಒಣಗಿದ ಮೇಲೆ ಮತ್ತೆ ಕಂಡರೆ ಅದು ಕ್ಲಿಯರ್ ಕೋಟಿನಲ್ಲೇ ಇದೆ, ಕಾಂಪೌಂಡಿಗೆ ಬಗ್ಗುತ್ತದೆ. ಉಗುರನ್ನು ಅಡ್ಡಕ್ಕೆ ಮೆಲ್ಲಗೆ ಎಳೆದಾಗ ಸ್ಪಷ್ಟವಾಗಿ ಸಿಕ್ಕಿಕೊಂಡರೆ ಉಜ್ಜಿ ಪೂರ್ತಿ ತೆಗೆಯುವ ಆಸೆ ಬಿಡಿ. ತಳದಲ್ಲಿ ಬೂದು ಬಣ್ಣ ಕಂಡರೆ ಪ್ರೈಮರ್ ತನಕ ಹೋಗಿದೆ. ಲೋಹದ ಮಿಂಚು ಅಥವಾ ಕಂದು ಚುಕ್ಕೆ ಕಂಡರೆ ತಗಡೇ ಬಯಲಾಗಿದೆ. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಅಲ್ಲಿ ಕಪ್ಪು ಕಂಡರೆ ಗಾಬರಿ ಬೇಡ, ಅದಕ್ಕೆ ತುಕ್ಕು ಹಿಡಿಯುವುದಿಲ್ಲ, ಪುರುಸೊತ್ತಾದಾಗ ನೋಡಿಕೊಳ್ಳಬಹುದು.

ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಆಗುವ ಗೀರುಗಳಲ್ಲಿ ಅರ್ಧಕ್ಕರ್ಧ ಗೀರೇ ಅಲ್ಲ. ಕಂಬಕ್ಕೆ ಬಳಿದ ಹಳದಿ-ಕಪ್ಪು ಪಟ್ಟೆಯ ಎನಾಮೆಲ್ ಬಣ್ಣ ಡೋರಿಗೆ ಮೆತ್ತಿಕೊಂಡಿರುತ್ತದೆ, ಅಥವಾ ಪಕ್ಕದ ಗಾಡಿಯ ಬಂಪರ್ ಬಣ್ಣ. ಬೆರಳಾಡಿಸಿದರೆ ಕುಳಿಯ ಬದಲು ಉಬ್ಬು ಸಿಗುತ್ತದೆ. ಬಟ್ಟೆಯ ತುದಿಗೆ ಸ್ವಲ್ಪ ಟರ್ಪಂಟೈನ್ ಹಾಕಿ ಆ ಗೆರೆಯ ಉದ್ದಕ್ಕೇ ಒರೆಸಿ, ನಿಮಿಷದೊಳಗೆ ಶಾಂಪೂ ನೀರಲ್ಲಿ ತೊಳೆಯಿರಿ. ಬಗ್ಗದಿದ್ದರೆ ಸ್ವಲ್ಪ ಕಾಂಪೌಂಡ್ ಸಾಕು. ಥಿನ್ನರ್ ಮುಟ್ಟುವ ಮೊದಲು ಮಾತ್ರ ಎರಡು ಸಲ ಯೋಚಿಸಿ: ಕಂಪನಿಯ ಬೆಂದ ಕ್ಲಿಯರ್ ಒಂದು ಒರೆಸನ್ನು ತಡೆದುಕೊಳ್ಳುತ್ತದೆ, ಆದರೆ ಹಿಂದೆ ಎಲ್ಲೋ ಎನ್‌ಸಿ ಪೇಂಟ್ (ಥಿನ್ನರಿಗೆ ಕರಗುವ ಬಣ್ಣ) ಹೊಡೆಸಿದ ಪ್ಯಾನೆಲ್ ಆಗಿದ್ದರೆ ಬಟ್ಟೆಯಲ್ಲೇ ಬಣ್ಣ ಎದ್ದು ಬರುತ್ತದೆ. ಸೆಕೆಂಡ್ ಹ್ಯಾಂಡ್ ಕಾರಿನವರು ಬಾಗಿಲಿನ ಒಳಂಚಿನಲ್ಲಿ, ಕಾಣದ ಕಡೆ ಪರೀಕ್ಷಿಸಿ.

ಇನ್ನು ಕ್ಲಿಯರ್ ಕೋಟಿನ ಗೀರು. ಕಡಲೆಕಾಳಿನಷ್ಟು ಕಾಂಪೌಂಡ್ ಅನ್ನು ಫೋಮ್ ಅಪ್ಲಿಕೇಟರ್ ಮೇಲೆ ಹಾಕಿ, ಅಂಗೈ ಅಗಲದ ಜಾಗದಲ್ಲಿ ಮಾತ್ರ, ಗೀರಿಗೆ ಅಡ್ಡವಾಗಿ ಮೂವತ್ತು-ನಲವತ್ತು ಸಲ ಉಜ್ಜಿ. ಕಾಂಪೌಂಡ್ ಪಾರದರ್ಶಕವಾಗುತ್ತಾ ಬಂದಾಗ ನಿಲ್ಲಿಸಿ, ಒರೆಸಿ, ನೋಡಿ. ಅರ್ಧ ಕಡಿಮೆಯಾಗಿದ್ದರೆ ಇನ್ನೊಂದು ಸಲ. ಮೂರು ಸುತ್ತಿಗೂ ಹೋಗದಿದ್ದರೆ ಅಲ್ಲಿಗೆ ಬಿಟ್ಟುಬಿಡುವುದು ನನ್ನ ಕ್ರಮ. ಗೀರಿನ ಚೂಪಾದ ಅಂಚು ದುಂಡಾದರೆ ಬೆಳಕು ಚದುರುವುದು ಕಡಿಮೆಯಾಗುತ್ತದೆ, ಮೂರಡಿ ದೂರದಿಂದ ಕಣ್ಣಿಗೆ ಬೀಳುವುದಿಲ್ಲ. ಕೊನೆಗೆ ನಯವಾದ ಪಾಲಿಶ್, ಅದರ ಮೇಲೆ ವ್ಯಾಕ್ಸ್. ಬಾನೆಟ್‌ನ ಏಣು, ಡೋರಿನ ಅಂಚು, ಬಾಡಿಯಲ್ಲಿ ಚೂಪಾಗಿ ಹರಿಯುವ ಗೆರೆ ಇವುಗಳ ಮೇಲೆ ಬಣ್ಣ ಮೊದಲೇ ತೆಳು. ಅಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿಯೇ ಕೆಲಸ ಶುರುಮಾಡಬೇಕು. ಬಟ್ಟೆಗೆ ಕಾರಿನ ಬಣ್ಣವೇ ಹತ್ತಿದರೆ ಕ್ಲಿಯರ್ ಮುಗಿದು ಬೇಸ್ ಕೋಟಿಗೆ ಇಳಿದಿದ್ದೀರಿ ಎಂದರ್ಥ, ಅಲ್ಲೇ ಕೈ ತೆಗೆಯಿರಿ. ಕ್ಲಿಯರ್ ಇಲ್ಲದ ಹಳೆಯ ಕಾಲದ ಒಂದೇ ಪದರದ ಬಣ್ಣಕ್ಕೆ ಮಾತ್ರ ಇದು ಸಹಜ.

ಟೂತ್‌ಪೇಸ್ಟ್ ಹಚ್ಚಿ ಅನ್ನುವವರು ಬಹಳ. ಅದರ ಪುಡಿ ಎಷ್ಟು ಒರಟೆಂದು ಪೊಟ್ಟಣದಲ್ಲಿ ಬರೆದಿರುವುದಿಲ್ಲ. ಗೀರಿನೊಳಗೆ ಬಿಳಿ ಕೂತು ಒಂದು ತೊಳೆಯುವಿಕೆಗೆ ಹೋಗುತ್ತದೆ, ಸುತ್ತಲಿನ ಹೊಳಪು ಮಂಕಾಗಿ ಉಳಿಯುತ್ತದೆ. ಡೀಸೆಲ್, ಸೀಮೆಎಣ್ಣೆ, ತೆಂಗಿನೆಣ್ಣೆ ಗೀರನ್ನು ಒದ್ದೆ ಮಾಡಿ ಮರೆಸುತ್ತವೆ, ಸಂಜೆಯೊಳಗೆ ಅದೇ ಎಣ್ಣೆಗೆ ದೂಳು ಹಿಡಿಯುತ್ತದೆ. ಮರುದಿನ ಒಣಬಟ್ಟೆಯಲ್ಲಿ ಒರೆಸಿದಾಗ ಆ ದೂಳೇ ಹೊಸ ಗೀರು ಹಾಕುತ್ತದೆ.

ತಗಡು ಕಂಡಿರುವ ಚಿಪ್ಪು ಮತ್ತು ಆಳದ ಗೀರಿನ ವಿಷಯದಲ್ಲಿ ಮಾತ್ರ ನಾನು ತಡಮಾಡುವುದಿಲ್ಲ. ಹೈವೇಯಲ್ಲಿ ಟಿಪ್ಪರ್ ಹಿಂದೆ ಹೋದಾಗ ಬಾನೆಟ್‌ನ ಮುಂಭಾಗಕ್ಕೆ ಜಲ್ಲಿ ಬಡಿದು ಆಗುವ ಸಾಸಿವೆಗಾತ್ರದ ಕುಳಿಗಳಿವು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ ಇವು ಕೆಲವೇ ದಿನದಲ್ಲಿ ಕಂದಾಗುತ್ತವೆ. ಅಂಚಿನ ಬಣ್ಣದಡಿಗೆ ತುಕ್ಕು ನುಸುಳಿದ ಮೇಲೆ ಕೆಲಸ ನಾಲ್ಕು ಪಟ್ಟು.

ಮೊದಲು ಸರಿಯಾದ ಬಣ್ಣ ಬೇಕು. ‘ಬಿಳಿ’, ‘ಸಿಲ್ವರ್’ ಎಂದು ಕೇಳಿದರೆ ಸಾಲದು, ಬಣ್ಣದ ಕೋಡ್ ಬೇಕು. ಟೊಯೋಟಾದಲ್ಲಿ ಡ್ರೈವರ್ ಬಾಗಿಲಿನ ಕಂಬದ ಫಲಕದಲ್ಲಿ ‘ಸಿ/ಟಿಆರ್’ ಎಂಬಲ್ಲಿ ಬರೆದಿರುತ್ತದೆ, ಉದಾಹರಣೆಗೆ ಅವರ ಸೂಪರ್ ವೈಟ್ 040. ಹೋಂಡಾದಲ್ಲಿಯೂ ಬಾಗಿಲ ಕಂಬವನ್ನೇ ನೋಡಿ, ಬಿಳಿ-ಬೂದು-ಕಪ್ಪು ಬಣ್ಣಗಳ ಕೋಡ್ ‘ಎನ್‌ಎಚ್’ ಎಂದು ಶುರುವಾಗುತ್ತದೆ. ಉಳಿದ ಕಾರುಗಳಲ್ಲಿ ಬಾಗಿಲ ಕಂಬ, ಬಾನೆಟ್ ಒಳಗಿನ ಫಲಕ ಎರಡನ್ನೂ ಹುಡುಕಿ. ಸಿಗದಿದ್ದರೆ ಚಾಸಿ ನಂಬರ್ ಕೊಟ್ಟು ಕಂಪನಿಯ ಸ್ಪೇರ್ಸ್ ಕೌಂಟರಿನಲ್ಲಿ ಕೇಳಿ. ಟಚಪ್ ಶೀಸೆ ಅಲ್ಲೇ ಸಿಗುತ್ತದೆ. ಸಿಗದ ಬಣ್ಣವನ್ನು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆಯ ಪೇಂಟ್ ಅಂಗಡಿಯಲ್ಲಿ ಕೋಡ್ ಹೇಳಿ ಮಿಕ್ಸ್ ಮಾಡಿಸಬಹುದು. ಹೋಗುವಾಗ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಬಾಗಿಲನ್ನು ತೋರಿಸಿ ಹೊಂದಿಸಿ, ಬಿಸಿಲಿಗೆ ಮಾಸಿದ ಕಾರಿಗೆ ಬರೀ ಕೋಡ್ ಸಾಲುವುದಿಲ್ಲ. ಪರ್ಲ್ ಬಿಳಿ ಹಲವು ಕಾರುಗಳಲ್ಲಿ ಮೂರು ಪದರದ್ದು: ಬಿಳಿ, ಅದರ ಮೇಲೆ ಪರ್ಲ್, ಆಮೇಲೆ ಕ್ಲಿಯರ್. ಒಂದೇ ಶೀಸೆಯಲ್ಲಿ ಅದು ಬರುವುದಿಲ್ಲ.

ಕೆಲಸ ಹೀಗೆ. ಹಲ್ಲುಕಡ್ಡಿ ಅಥವಾ ಸೂಜಿಯ ತುದಿಯಿಂದ ಕುಳಿಯ ಅಂಚಿನಲ್ಲಿ ಸಡಿಲವಾಗಿರುವ ಬಣ್ಣ ಎಬ್ಬಿಸಿ. ತುಕ್ಕಿದ್ದರೆ ಬೆಂಕಿಕಡ್ಡಿಯ ತುದಿಗೆ 600 ನಂಬರ್ ವಾಟರ್ ಪೇಪರ್‌ನ ಚೂರು ಅಂಟಿಸಿಕೊಂಡು ಕುಳಿಯೊಳಗೆ ಮಾತ್ರ ತಿರುವಿ, ಬೆಳ್ಳಗಿನ ತಗಡು ಕಾಣುವವರೆಗೆ. ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಹತ್ತು ನಿಮಿಷ ಒಣಗಲಿ, ಇನ್ನು ಬೆರಳು ಮುಟ್ಟಿಸಬೇಡಿ. ಲೋಹ ಕಂಡಲ್ಲಿ ಮೊದಲ ಹನಿ ಪ್ರೈಮರ್. ಇದನ್ನು ಬಿಟ್ಟು ನೇರ ಬಣ್ಣ ಹಾಕಿದ್ದೇ ಬಹಳಷ್ಟು ಟಚಪ್‌ಗಳು ಮರುವರ್ಷ ಹಪ್ಪಳದಂತೆ ಏಳಲು ಕಾರಣ. ಬಣ್ಣದ ಶೀಸೆ ಇನ್ನೂ ಕೈಗೆ ಬಂದಿಲ್ಲವಾದರೂ ಪ್ರೈಮರ್ ಹನಿ ಇವತ್ತೇ ಹಾಕಿ, ವಾರದೊಳಗೆ ಬಣ್ಣ ಕೂರಿಸಿ. ಪ್ರೈಮರ್ ಒಂದೇ ಇದ್ದರೆ ನೀರು ಹೀರುತ್ತದೆ.

ಶೀಸೆಯನ್ನು ಎರಡು ನಿಮಿಷ ಪೂರ್ತಿ ಅಲುಗಾಡಿಸಿ. ಮುಚ್ಚಳಕ್ಕಂಟಿದ ಬ್ರಶ್ ಈ ಕೆಲಸಕ್ಕೆ ದಪ್ಪ. ಚಿತ್ರಕಾರರ ಸೊನ್ನೆ ನಂಬರಿನ ಬ್ರಶ್ ಅಥವಾ ಹಲ್ಲುಕಡ್ಡಿ ತೆಗೆದುಕೊಳ್ಳಿ. ತುದಿಯಲ್ಲಿ ನಿಂತ ಹನಿಯನ್ನು ಕುಳಿಯ ನಡುವಿಗೆ ತಾಗಿಸಿದರೆ ಬಣ್ಣ ತಾನೇ ಅಂಚಿನವರೆಗೆ ಹರಿದು ನಿಲ್ಲುತ್ತದೆ, ಬಳಿಯಬೇಕಾಗಿಲ್ಲ. ಒಣಗಿದಾಗ ಅದು ಕುಗ್ಗಿ ತಳಕ್ಕೆ ಕೂರುತ್ತದೆ. ಅರ್ಧ ಗಂಟೆ ಬಿಟ್ಟು ಇನ್ನೊಂದು ಹನಿ. ಹೀಗೆ ಮೂರು ನಾಲ್ಕು ಸಲದಲ್ಲಿ ಕುಳಿ ಮುಕ್ಕಾಲು ತುಂಬಬೇಕು, ಉಳಿದ ಕಾಲು ಭಾಗ ಕ್ಲಿಯರಿಗೆ. ಒಂದೇ ಸಲ ದಪ್ಪ ಹನಿ ಹಾಕಿದರೆ ಮೇಲೆ ತೊಗಲು ಕಟ್ಟಿ ಒಳಗೆ ಥಿನ್ನರ್ ಸಿಕ್ಕಿಕೊಳ್ಳುತ್ತದೆ, ವಾರ ಕಳೆದ ಮೇಲೆ ನಡುವೆ ತಗ್ಗು ಬೀಳುತ್ತದೆ. ಬಣ್ಣ ಅಂಚು ಮೀರಿ ಗುಡ್ಡೆಯಾದರೆ ಹಳೆಯ ಎಟಿಎಂ ಕಾರ್ಡಿಗೆ ತೆಳು ಹತ್ತಿಬಟ್ಟೆಯನ್ನು ಬಿಗಿಯಾಗಿ ಸುತ್ತಿ, ಒಂದೇ ಹನಿ ಥಿನ್ನರ್ ತಾಗಿಸಿ, ಗುಡ್ಡೆಯ ಮೇಲೆ ಸಪಾಟಾಗಿ ಒಮ್ಮೆ ಎಳೆಯಿರಿ. ಬಟ್ಟೆ ಕುಳಿಗೆ ಇಳಿಯದೆ ಉಬ್ಬನ್ನಷ್ಟೇ ಒಯ್ಯುತ್ತದೆ. ಕಂಪನಿ ಬಣ್ಣದ ಪ್ಯಾನೆಲ್‌ಗೆ ಮಾತ್ರ ಈ ಉಪಾಯ, ಎನ್‌ಸಿ ಪೇಂಟ್‌ನ ಎಚ್ಚರಿಕೆ ನೆನಪಿರಲಿ.

ಕ್ಲಿಯರ್ ಹನಿಯನ್ನು ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆ ಎತ್ತರಕ್ಕೆ ನಿಲ್ಲಿಸಿ, ಒಂದು ವಾರ ಮುಟ್ಟಬೇಡಿ. ಆಮೇಲೆ ಬೇಕಿದ್ದರೆ ಕಾಲುಗಂಟೆ ನೀರಲ್ಲಿ ನೆನೆಸಿದ 2500 ನಂಬರ್ ವಾಟರ್ ಪೇಪರ್‌ನ ಚೂರನ್ನು ಪೆನ್ಸಿಲ್‌ನ ರಬ್ಬರ್ ತುದಿಗೆ ಸುತ್ತಿ, ಶಾಂಪೂ ನೀರಿನ ಜೊತೆ ಆ ಉಬ್ಬಿನ ಮೇಲಷ್ಟೇ ತಿಕ್ಕಿ, ನಂತರ ಕಾಂಪೌಂಡ್. ಅಷ್ಟು ಧೈರ್ಯ ಇಲ್ಲದಿದ್ದರೆ ಉಬ್ಬು ಹಾಗೇ ಇರಲಿ, ತುಕ್ಕು ತಡೆಯುವ ಕೆಲಸ ಆಗಿದೆ. ಸಾದಾ ಬಿಳಿ, ಕಪ್ಪಿನಲ್ಲಿ ಫಲಿತಾಂಶ ಚೆನ್ನಾಗಿ ಬರುತ್ತದೆ. ಸಿಲ್ವರ್ ಮತ್ತು ಇತರ ಮೆಟಾಲಿಕ್ ಬಣ್ಣದಲ್ಲಿ ಕೋಡ್ ಸರಿಯಿದ್ದರೂ ಚುಕ್ಕೆ ಸ್ವಲ್ಪ ಕಪ್ಪಾಗಿ ಕಾಣುತ್ತದೆ. ಸ್ಪ್ರೇಯಲ್ಲಿ ಅಲ್ಯೂಮಿನಿಯಂ ಚೂರುಗಳು ಮಲಗಿದಂತೆ ಕೂತು ಬೆಳಕು ತಿರುಗಿಸುತ್ತವೆ, ಹನಿಯಲ್ಲಿ ಅಡ್ಡಾದಿಡ್ಡಿ ನಿಲ್ಲುತ್ತವೆ. ಅದು ನಿಮ್ಮ ಕೈಯ ತಪ್ಪಲ್ಲ. ಈ ಕೆಲಸಕ್ಕೆ ಬೆಳಗಿನ ನೆರಳು ಒಳ್ಳೆಯದು. ಬಿಸಿ ಬಾನೆಟ್ ಮೇಲೆ ಹನಿ ಹರಿಯುವ ಮೊದಲೇ ಒಣಗುತ್ತದೆ, ಜಡಿಮಳೆಯ ತೇವದಲ್ಲಿ ಬೆಳ್ಳಗೆ ಮಂಜು ಕಟ್ಟುತ್ತದೆ. ಹಾರ್ಡನರ್ ಸೇರಿಸುವ 2ಕೆ ಕ್ಲಿಯರ್ ಇನ್ನೂ ಗಟ್ಟಿ, ಆದರೆ ಅದರಲ್ಲಿ ಶ್ವಾಸಕೋಶಕ್ಕೆ ಕೆಟ್ಟದ್ದಾದ ಐಸೋಸಯನೇಟ್ ಇರುತ್ತದೆ. ಮನೆಯಲ್ಲಿ ಅದನ್ನು ಸ್ಪ್ರೇ ಮಾಡಬೇಡಿ.

ನೆಗ್ಗಿನಲ್ಲಿ ಕೇಳಬೇಕಾದ್ದು ಒಂದೇ ಪ್ರಶ್ನೆ: ಬಣ್ಣ ಬಿರಿದಿದೆಯೇ? ಬಿರಿಯದಿದ್ದರೆ ಪುಟ್ಟಿ, ಪೇಂಟ್ ಯಾವುದೂ ಬೇಡ. ಒಳಗಿನಿಂದ ಉದ್ದ ಸಲಾಕೆ ತೂರಿಸಿ ತಗಡನ್ನು ಕೂದಲೆಳೆಯಷ್ಟಾಗಿ ಒತ್ತಿ ಎಬ್ಬಿಸುವ ಪಿಡಿಆರ್ (ಬಣ್ಣ ಮುಟ್ಟದೆ ನೆಗ್ಗು ತೆಗೆಯುವ) ಕೆಲಸದವರ ಬಳಿ ಹೋಗಿ. ಅವರು ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿಕೊಂಡು ಒತ್ತುತ್ತಾರೆ. ನೀವೂ ಅದೇ ಬೆಳಕಲ್ಲಿ ಕೆಲಸ ಪರೀಕ್ಷಿಸಿ, ಗೆರೆ ನೇರ ಹರಿದರೆ ನೆಗ್ಗು ಹೋಗಿದೆ. ಸಾಮಾನ್ಯ ಟಿಂಕರಿಂಗ್‌ನಲ್ಲಿ ನಾಣ್ಯದಗಲದ ನೆಗ್ಗಿಗೂ ಬಣ್ಣ ಕೆರೆದು, ಪುಟ್ಟಿ ಹಾಕಿ, ಇಡೀ ಪ್ಯಾನೆಲ್ ಸ್ಪ್ರೇ ಮಾಡುತ್ತಾರೆ. ಆನ್‌ಲೈನಲ್ಲಿ ಸಿಗುವ ಗ್ಲೂ ಎಳೆಯುವ ಕಿಟ್ ಅಗಲವಾದ, ಆಳವಿಲ್ಲದ ನೆಗ್ಗಿಗೆ ಸ್ವಲ್ಪ ಉಪಯೋಗ. ಚೂಪಾದ ನೆಗ್ಗು, ಬಾಡಿ ಗೆರೆಯ ಮೇಲಿನ ನೆಗ್ಗು ಅದಕ್ಕೆ ಬಗ್ಗುವುದಿಲ್ಲ, ಮರುಪೇಂಟ್ ಆದ ಪ್ಯಾನೆಲ್‌ನಲ್ಲಿ ಗ್ಲೂ ಜೊತೆ ಬಣ್ಣವೂ ಕಿತ್ತು ಬರಬಹುದು. ಹೇರ್ ಡ್ರೈಯರಿನಲ್ಲಿ ಬಿಸಿಮಾಡಿ ಐಸ್ ಇಡುವ ತಂತ್ರವನ್ನು ತಗಡಿನ ಮೇಲೆ ನಂಬಬೇಡಿ. ಪ್ಲಾಸ್ಟಿಕ್ ಬಂಪರ್ ಒಳಸೇರಿದ್ದರೆ ಮಾತ್ರ ಶಾಖ ನಿಜಕ್ಕೂ ಕೆಲಸ ಮಾಡುತ್ತದೆ: ಒಂದೆರಡು ಲೀಟರ್ ಕುದಿನೀರು ನಿಧಾನ ಸುರಿದು, ದಪ್ಪ ಗ್ಲೌಸ್ ಹಾಕಿ ಹಿಂದಿನಿಂದ ತಳ್ಳಿ, ಆಕಾರಕ್ಕೆ ಬಂದ ಕೂಡಲೇ ತಣ್ಣೀರು ಹಾಕಿ.

ಸಣ್ಣದಕ್ಕೆಲ್ಲ ಇನ್ಶೂರೆನ್ಸ್ ಕ್ಲೇಮ್ ಮಾಡುವ ಮೊದಲು ಲೆಕ್ಕ ಹಾಕಿ. ಕ್ಲೇಮ್ ಇಲ್ಲದ ವರ್ಷಗಳಿಗೆ ಓನ್ ಡ್ಯಾಮೇಜ್ (ನಮ್ಮದೇ ಕಾರಿನ ಹಾನಿಗೆ ಕಟ್ಟುವ) ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯಾದ ನೋ ಕ್ಲೇಮ್ ಬೋನಸ್ 20, 25, 35, 45, 50 ಶೇಕಡಾ ಎಂದು ಏರುತ್ತದೆ, ಒಂದು ಕ್ಲೇಮಿಗೆ ಸೊನ್ನೆಗಿಳಿಯುತ್ತದೆ. ಆ ಭಾಗ 8,000 ರೂಪಾಯಿ ಇದ್ದು 50 ಶೇಕಡಾ ತಲುಪಿದ್ದರೆ ಮುಂದಿನ ವರ್ಷವೇ 4,000 ಹೋಯಿತು. ಜೊತೆಗೆ ಪ್ರತಿ ಕ್ಲೇಮಿನಲ್ಲಿ ನಮ್ಮ ಕೈಯಿಂದಲೇ ಹೋಗುವ ಕಡ್ಡಾಯ ಕಡಿತ, 1500 ಸಿಸಿವರೆಗೆ 1,000, ಮೇಲ್ಪಟ್ಟರೆ 2,000.

ಹೊಸ ಗೀರು ಬರುವ ದಾರಿಗಳಲ್ಲಿ ಮೊದಲನೆಯದು ದಿನಾ ಬೆಳಗ್ಗೆ ಒಂದೇ ಬಕೆಟ್ ನೀರಲ್ಲಿ ಹತ್ತು ಕಾರು ಒರೆಸುವ ಬಟ್ಟೆ. ಅಪಾರ್ಟ್‌ಮೆಂಟಿನಲ್ಲಿ ಕಾರು ಒರೆಸುವವರಿಗೆ ನಿಮ್ಮದೇ ಎರಡು ಮೈಕ್ರೋಫೈಬರ್ ಬಟ್ಟೆ ಕೊಟ್ಟು, ದೂಳಿರುವ ದಿನ ಮೊದಲು ನೀರು ಸುರಿಯಲು ಹೇಳಿ. ಎರಡನೆಯದು ಆಯುಧಪೂಜೆ. ಬಂಪರಿಗೆ ಕಟ್ಟಿದ ಬಾಳೆಕಂದು, ಹಾರದೊಳಗಿನ ತಂತಿ, ಗಾಡಿ ಓಡಿದಷ್ಟೂ ಬಾನೆಟ್ಟಿಗೆ ಉಜ್ಜುತ್ತವೆ. ಹಾರವನ್ನು ನೂಲಿನಲ್ಲೇ ಕಟ್ಟಿಸಿ, ಒಂದು ಸುತ್ತು ಹೋಗಿಬಂದ ಮೇಲೆ ಬಿಚ್ಚಿಡಿ. ಅರಿಶಿನ, ಕುಂಕುಮ, ಬಾಳೆಯ ಸೊನೆಯನ್ನು ಒಣಗಲು ಬಿಡದೆ ಅದೇ ಸಂಜೆ ತೊಳೆಯಿರಿ. ಒಣಗಿದ ಕುಂಕುಮವನ್ನು ಕೆರೆಯಬೇಡಿ, ನೀರು ಹಾಕಿ ನೆನೆಸಿ.

ಟಚಪ್ ಮಾಡಿದ ಚುಕ್ಕೆಗಳನ್ನು ಮಳೆಗಾಲ ಮುಗಿದ ಮೇಲೆ ಒಮ್ಮೆ ಟಾರ್ಚ್ ಹಿಡಿದು ನೋಡಿ. ಅಂಚಿನ ಸುತ್ತ ಕಂದು ಉಂಗುರ ಕಂಡರೆ ಮೇಲೆ ಇನ್ನೊಂದು ಹನಿ ಹಾಕಿ ಮುಚ್ಚಬೇಡಿ. ಸೂಜಿಯಿಂದ ಪೂರ್ತಿ ಬಿಡಿಸಿ, ತಗಡು ಬೆಳ್ಳಗೆ ಕಾಣುವವರೆಗೆ ತುಕ್ಕು ತೆಗೆದು, ಪ್ರೈಮರ್‌ನಿಂದಲೇ ಮತ್ತೆ ಶುರುಮಾಡಿ.