ಒಂದು ಡಿಗ್ರಿಯ ಬೆಲೆ: ಕಾಂತದ ಲೆಕ್ಕ ಬಿಡಿಸುವುದು ಹೇಗೆ?

ಧಾರವಾಡದ ಸಪ್ತಾಪುರದಲ್ಲಿ ಕೋಣೆ ಮಾಡಿಕೊಂಡು ಓದುತ್ತಿರುವ ಅಣ್ಣಿಗೇರಿಯ ಹುಡುಗಿಯೊಬ್ಬಳು ಕಳೆದ ವಾರ ನೋಟ್‌ಬುಕ್ ತೆರೆದು ನನ್ನ ಮುಂದಿಟ್ಟಳು. ‘ಸರ್, ದೋಷ ಶೇ 5 ಬರಬೇಕಂತೆ. ನನಗೆ ಶೇ 1.5 ಮಾತ್ರ ಬರುತ್ತಿದೆ. ಎಲ್ಲಿ ತಪ್ಪಿದ್ದೇನೆ?’ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವ ನನಗೆ ಈ ಪ್ರಶ್ನೆ ಹೊಸದಲ್ಲ. ಆಕೆಯ ಲೆಕ್ಕವನ್ನೇ ಇಲ್ಲಿ ಬಿಡಿಸೋಣ.

ಚಿಕ್ಕ ದಂಡಕಾಂತವೊಂದನ್ನು ದಿಕ್ಸೂಚಿಯ ಪೂರ್ವಕ್ಕೆ 20 ಸೆಂ.ಮೀ. ದೂರದಲ್ಲಿ, ಪೂರ್ವ–ಪಶ್ಚಿಮವಾಗಿ ಮಲಗಿಸಿದಾಗ ಮುಳ್ಳು 45 ಡಿಗ್ರಿ ತಿರುಗುತ್ತದೆ. ಭೂಮಿಯ ಕಾಂತಕ್ಷೇತ್ರದ ಸಮತಲ ಘಟಕ, ಅಂದರೆ ನೆಲಕ್ಕೆ ಸಮಾಂತರವಾದ ಭಾಗ, 40 ಮೈಕ್ರೊಟೆಸ್ಲಾ. ನಮ್ಮ ಹುಬ್ಬಳ್ಳಿ–ಧಾರವಾಡದಲ್ಲೂ ಅದು ಹೆಚ್ಚುಕಡಿಮೆ ಇಷ್ಟೇ ಇದೆ. ದೂರದ ಅಳತೆಯಲ್ಲಿ 1 ಮಿ.ಮೀ., ಕೋನದಲ್ಲಿ 1 ಡಿಗ್ರಿ ಆಚೀಚೆ ಆಗಬಹುದು. ಕಾಂತದ ಮ್ಯಾಗ್ನೆಟಿಕ್ ಮೊಮೆಂಟ್ (ಕಾಂತ ಎಷ್ಟು ಪ್ರಬಲ ಎಂಬುದರ ಅಳತೆ) ಎಷ್ಟು, ಅದರಲ್ಲಿ ದೋಷವೆಷ್ಟು?

ಸೂತ್ರ ನೆನಪಿಸಿಕೊಳ್ಳುವ ಮೊದಲು ಚಿತ್ರ ಬರೆಯಿರಿ. ಮುಳ್ಳಿರುವ ಜಾಗದಲ್ಲಿ ಭೂಮಿ ಉತ್ತರಕ್ಕೆ ಎಳೆಯುತ್ತದೆ, ಕಾಂತ ಅದಕ್ಕೆ ಲಂಬವಾಗಿ ಎಳೆಯುತ್ತದೆ. ಕಾಂತದ ಕ್ಷೇತ್ರವನ್ನು ಭೂಮಿಯ ಕ್ಷೇತ್ರದಿಂದ ಭಾಗಿಸಿದರೆ ಸಿಗುವುದೇ ಕೋನದ ಟ್ಯಾನ್. 45 ಡಿಗ್ರಿಗೆ ಟ್ಯಾನ್ ಬೆಲೆ 1. ಅಂದರೆ ಎರಡೂ ಕ್ಷೇತ್ರಗಳು ಸಮ.

ಇಲ್ಲಿ ಮುಳ್ಳು ಕಾಂತದ ಉದ್ದಕ್ಕೆ ನೇರವಾಗಿ, ಅಕ್ಷದ ಮೇಲೆ ಇದೆ. ಹಾಗಾಗಿ ಕಾಂತದ ಕ್ಷೇತ್ರವೆಂದರೆ 2 × 10⁻⁷ನ್ನು ಮೊಮೆಂಟ್‌ನಿಂದ ಗುಣಿಸಿ, ದೂರದ ಘನದಿಂದ ಭಾಗಿಸಿದ್ದು. ಕಾಂತದ ಪಕ್ಕದಲ್ಲಿ, ನಡುಮಧ್ಯಕ್ಕೆ ಎದುರಾಗಿ ಮುಳ್ಳಿದ್ದಿದ್ದರೆ ಆ 2 ಇರುತ್ತಿರಲಿಲ್ಲ. ಚಿತ್ರ ಬರೆಯದವರು ಎಡವುವುದು ಇಲ್ಲಿಯೇ. ದೂರವನ್ನು ಮೀಟರ್‌ಗೆ ತನ್ನಿ: 0.2. ಅದರ ಘನ 0.008. ಇದನ್ನು ಭೂಮಿಯ ಕ್ಷೇತ್ರದಿಂದ, ಅಂದರೆ 4 × 10⁻⁵ ಟೆಸ್ಲಾದಿಂದ ಗುಣಿಸಿ 2 × 10⁻⁷ರಿಂದ ಭಾಗಿಸಿದರೆ 1.6 ಆಂಪಿಯರ್ ಚದರ ಮೀಟರ್.

ಇಷ್ಟನ್ನು ಹುಡುಗಿ ಸರಿಯಾಗಿಯೇ ಮಾಡಿದ್ದಳು. ದೋಷದ ಮೊದಲ ಭಾಗವೂ ಸರಿಯಿತ್ತು: 200 ಮಿ.ಮೀ.ನಲ್ಲಿ 1 ಮಿ.ಮೀ. ಎಂದರೆ ಶೇ 0.5; ದೂರ ಘನದಲ್ಲಿರುವುದರಿಂದ ಅದರ ಮೂರು ಪಟ್ಟು, ಶೇ 1.5. ಘನವನ್ನು ಕಂಡ ಕೂಡಲೇ ಮೂರರಿಂದ ಗುಣಿಸುವುದನ್ನು ಎಲ್ಲರೂ ಕಲಿತಿರುತ್ತಾರೆ. ಕೋನಕ್ಕೆ ಅಂತಹ ಘಾತವಿಲ್ಲ, ಆದ್ದರಿಂದ ಅದನ್ನು ಮರೆತೇಬಿಡುತ್ತಾರೆ.

ಕೋನದ ದೋಷ ತಿಳಿಯಲು ಅವಕಲನ ಗೊತ್ತಿರಲೇಬೇಕೆಂದಿಲ್ಲ. ಟ್ಯಾನ್ ಕೋಷ್ಟಕ ತೆರೆಯಿರಿ. 44 ಡಿಗ್ರಿಗೆ 0.966, 46ಕ್ಕೆ 1.036. ಒಂದು ಡಿಗ್ರಿ ಜರುಗಿದರೆ ಬೆಲೆ ಶೇ 3.5ರಷ್ಟು ಜರುಗುತ್ತದೆ. ಕಳೆದುಹೋಗಿದ್ದ ಶೇ 3.5 ಇದೇ. ಎರಡೂ ಸೇರಿ ಶೇ 5. ಉತ್ತರವನ್ನು 1.60 ± 0.08 ಎಂದು ಬರೆಯಬೇಕು. ಕ್ಯಾಲ್ಕುಲೇಟರ್ ತೋರಿಸಿದ ಅಂಕಿಗಳನ್ನೆಲ್ಲ ಇಳಿಸಿ 1.6000 ಎಂದು ಬರೆದರೆ, ನಾವು ಅಳೆಯದೇ ಇದ್ದುದನ್ನು ಅಳೆದೆವು ಎಂದು ಹೇಳಿದಂತಾಗುತ್ತದೆ.

ಅದೇ ಕೋಷ್ಟಕದಲ್ಲಿ ಈಗ 10 ಮತ್ತು 11 ಡಿಗ್ರಿಗಳನ್ನು ನೋಡಿ: 0.176, 0.194. ಒಂದೇ ಡಿಗ್ರಿಗೆ ಶೇ 10ರ ವ್ಯತ್ಯಾಸ! 80 ಡಿಗ್ರಿಯ ಹತ್ತಿರವೂ ಇದೇ ಪಾಡು. ಕೋನದ ದೋಷ ಅತ್ಯಂತ ಕಡಿಮೆ ಇರುವುದು 45ರಲ್ಲಿ. ‘ಕಾಂತವನ್ನು ದೂರ ಇಟ್ಟಷ್ಟೂ ದೂರದ ದೋಷ ಕಡಿಮೆಯಾಗುತ್ತದಲ್ಲ ಸರ್?’ ಎಂದು ಕೇಳುವವರಿದ್ದಾರೆ. ಹೌದು. ಇದೇ ಕಾಂತವನ್ನು 35.7 ಸೆಂ.ಮೀ.ಗೆ ಸರಿಸಿದರೆ ದೂರದ ಪಾಲು ಶೇ 0.84ಕ್ಕೆ ಇಳಿಯುತ್ತದೆ. ಆದರೆ ಮುಳ್ಳು ತಿರುಗುವುದು 10 ಡಿಗ್ರಿ ಮಾತ್ರ, ಒಟ್ಟು ದೋಷ ಶೇ 11ಕ್ಕೆ ಏರುತ್ತದೆ. ಅದಕ್ಕೇ ನಾನು ಮಕ್ಕಳಿಗೆ ದೋಷದ ಲೆಕ್ಕವನ್ನು ಪ್ರಯೋಗಕ್ಕೆ ಮೊದಲೇ ಮಾಡಿಸುತ್ತೇನೆ; ಕಾಂತವನ್ನು ಎಲ್ಲಿಡಬೇಕೆಂದು ಹೇಳುವುದೇ ಆ ಲೆಕ್ಕ.

ಡಿಫ್ಲೆಕ್ಷನ್ ಮ್ಯಾಗ್ನೆಟೋಮೀಟರ್ (ನಡುವೆ ದಿಕ್ಸೂಚಿ, ಎರಡು ಬದಿಗೆ ಅಳತೆಪಟ್ಟಿಯ ತೋಳುಗಳಿರುವ ಉಪಕರಣ) ಕೈಗೆ ಸಿಕ್ಕರೆ ಒಂದು ದೂರಕ್ಕೆ ಎಂಟು ಸಲ ಕೋನ ಓದಿ. ಮುಳ್ಳಿನ ಎರಡೂ ತುದಿ, ಕಾಂತವನ್ನು ತಿರುಗಿಸಿಟ್ಟು ಮತ್ತೆ ಎರಡು, ಇನ್ನೊಂದು ತೋಳಿನ ಮೇಲೆ ಇವೇ ನಾಲ್ಕು. ಮುಳ್ಳು ತನ್ನ ಕೆಳಗಿನ ಕನ್ನಡಿಯ ಬಿಂಬವನ್ನು ಪೂರ್ತಿ ಮುಚ್ಚುವಂತೆ ಒಂದೇ ಕಣ್ಣಿನಿಂದ ನೋಡಬೇಕು. ಮೊಬೈಲ್ ಮೇಜಿನ ಮೇಲೆ ಬೇಡ, ಅದರ ಸ್ಪೀಕರ್‌ನಲ್ಲೂ ಕಾಂತವಿದೆ.

ಸರಾಸರಿ ತೆಗೆದರೂ ಹೋಗದ ದೋಷವೊಂದು ಉಳಿಯುತ್ತದೆ. ಧಾರವಾಡ ಪೇಡೆಯನ್ನು ಡಬ್ಬಿಯ ಸಮೇತ ಎಂಟು ಸಲ ತೂಗಿದರೂ ಡಬ್ಬಿಯ ತೂಕ ಕಳೆಯುವುದಿಲ್ಲ. ನಮ್ಮ ಸೂತ್ರ ಕಾಂತವನ್ನು ಬಹಳ ಗಿಡ್ಡ ಎಂದು ಭಾವಿಸಿದೆ. ಅದರ ಧ್ರುವಗಳ ನಡುವೆ 5 ಸೆಂ.ಮೀ. ಅಂತರವಿದ್ದರೆ ಅರ್ಧ 2.5, ಅದನ್ನು 20ರಿಂದ ಭಾಗಿಸಿ ವರ್ಗ ಮಾಡಿದರೆ 0.0156. ಇದನ್ನು 1ರಿಂದ ಕಳೆದು, ಬಂದದ್ದನ್ನು ವರ್ಗ ಮಾಡಿದರೆ 0.969. ಇಷ್ಟರಿಂದ 1.60ನ್ನು ಗುಣಿಸಬೇಕು. ಹುಡುಗಿ ಹಾಗೇ ಮಾಡಿ, ಹಳೆಯ ಉತ್ತರಕ್ಕೆ ಗೀಟು ಹಾಕಿ, ಪಕ್ಕದಲ್ಲಿ 1.55 ± 0.08 ಎಂದು ಬರೆದುಕೊಂಡಳು.