ಟೈಟಸ್‌ವಿಲ್‌ನ ಸ್ಪೇಸ್ ವ್ಯೂ ಪಾರ್ಕ್: ಮೈಸೂರಿನಿಂದ ಹೊರಡುವವರಿಗೆ

ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಮನೆಗೆ ಮೈಸೂರಿನಿಂದ ಹೋಗುವ ಹಿರಿಯರು ಫ್ಲೋರಿಡಾಕ್ಕೆ ಹೋದಾಗ ಒರ್ಲ್ಯಾಂಡೊ ನಗರವನ್ನು ನೋಡಿ ಹಿಂದಿರುಗುವುದೇ ಹೆಚ್ಚು. ಅಲ್ಲಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ ಪೂರ್ವಕ್ಕೆ ಹೋದರೆ ಟೈಟಸ್‌ವಿಲ್ ಎಂಬ ಊರು ಸಿಗುತ್ತದೆ. ಅಲ್ಲಿನ ನೀರಿನ ದಂಡೆಯಲ್ಲಿರುವ ಸ್ಪೇಸ್ ವ್ಯೂ ಪಾರ್ಕಿಗೆ ಅರ್ಧ ದಿನವನ್ನಾದರೂ ಮೀಸಲಿಡಿ. ಪ್ರವೇಶಕ್ಕೆ ಶುಲ್ಕವಿಲ್ಲ.

ಒಳಗೆ ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳುಹಿಸಿದ ಅಮೆರಿಕದ ಮರ್ಕ್ಯುರಿ, ಜೆಮಿನಿ, ಅಪೊಲೊ ಮತ್ತು ಸ್ಪೇಸ್ ಶಟಲ್ ಯೋಜನೆಗಳ ಸ್ಮಾರಕಗಳಿವೆ. ಇವನ್ನು ಇದೇ ಕ್ರಮದಲ್ಲಿ ನೋಡುವುದು ಒಳ್ಳೆಯದು. ಒಬ್ಬೊಬ್ಬರೇ ಹಾರಿದ ಮರ್ಕ್ಯುರಿ, ಇಬ್ಬಿಬ್ಬರು ಹಾರಿದ ಜೆಮಿನಿ, ಮೂವರನ್ನು ಹೊತ್ತ ಅಪೊಲೊ ಎಂದು ಹೇಳುತ್ತ ಹೋದರೆ ಮೊಮ್ಮಕ್ಕಳಿಗೂ ಕಥೆ ಸುಲಭವಾಗಿ ಹತ್ತುತ್ತದೆ. ಗಗನಯಾತ್ರಿಗಳ ಕಂಚಿನ ಹಸ್ತಮುದ್ರೆಗಳ ಮೇಲೆ ಮಕ್ಕಳು ತಮ್ಮ ಅಂಗೈಯಿಟ್ಟು ಅಳೆದು ನೋಡಲಿ, ಅವಸರಪಡಿಸಬೇಡಿ.

ಆಮೇಲೆ ದಂಡೆಗೆ ಬನ್ನಿ. ಇಂಡಿಯನ್ ರಿವರ್ ಎಂದು ಕರೆದರೂ ಇದು ಕಾವೇರಿಯಂತೆ ಹರಿಯುವ ನದಿಯಲ್ಲ, ಉಪ್ಪುನೀರಿನ ಹಿನ್ನೀರು. ಎದುರು ದಡದಲ್ಲಿ ಕೆನಡಿ ಬಾಹ್ಯಾಕಾಶ ಕೇಂದ್ರದ 160 ಮೀಟರ್ ಎತ್ತರದ ರಾಕೆಟ್ ಜೋಡಣಾ ಕಟ್ಟಡ ಕಾಣುತ್ತದೆ. ನಮ್ಮ ಅರಮನೆಯಿಂದ ಶ್ರೀರಂಗಪಟ್ಟಣ ಇರುವಷ್ಟೇ ದೂರದಲ್ಲಿದೆ ಅದು. ಇನ್ನೂ ಆಚೆಗೆ, ಸುಮಾರು 20 ಕಿಲೋಮೀಟರ್ ದೂರದಲ್ಲಿ 39ಎ ಉಡಾವಣಾ ವೇದಿಕೆಯಿದೆ. ಬೈನಾಕ್ಯುಲರ್ ತಪ್ಪದೆ ಒಯ್ಯಿರಿ. 1969ರ ಜುಲೈ 16ರಂದು ಚಂದ್ರನತ್ತ ಹೊರಟ ಅಪೊಲೊ 11, 2003ರ ಜನವರಿಯಲ್ಲಿ ಕಲ್ಪನಾ ಚಾವ್ಲಾ ಅವರನ್ನು ಹೊತ್ತು ಹೋಗಿ ಮರಳುವಾಗ ಏಳೂ ಜನರೊಂದಿಗೆ ನಾಶವಾದ ಕೊಲಂಬಿಯಾ, 2025ರ ಜೂನ್ 25ರಂದು ಶುಭಾಂಶು ಶುಕ್ಲಾ ಅವರನ್ನು ಬಾಹ್ಯಾಕಾಶ ನಿಲ್ದಾಣಕ್ಕೆ ಒಯ್ದ ನೌಕೆ, ಈ ಮೂರೂ ಮೇಲೆದ್ದದ್ದು ಆ ಒಂದೇ ವೇದಿಕೆಯಿಂದ. ಅದನ್ನು ಕಣ್ಣಾರೆ ಕಾಣುವುದಕ್ಕಾಗಿಯೇ ಅಷ್ಟು ದೂರ ಹೋಗಬಹುದೆಂದು ನನಗೆ ಅನಿಸುತ್ತದೆ.

ನೋಟ ಪೂರ್ವಕ್ಕಿರುವುದರಿಂದ ಬೆಳಿಗ್ಗೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಚಳಿಗಾಲದಲ್ಲಾದರೆ ಮಧ್ಯಾಹ್ನ ಮೂರರ ನಂತರ ಹೋಗಿ. ಬೇಸಿಗೆಯಲ್ಲಿ ಮಧ್ಯಾಹ್ನ ಗುಡುಗು ಮಳೆ ಬರುವುದು ಸಾಮಾನ್ಯವಾದ್ದರಿಂದ ಹತ್ತು ಗಂಟೆಯ ಹೊತ್ತೇ ಮೇಲು.

ಉಡಾವಣೆಯ ದಿನವೇ ಹೋಗುವುದಾದರೆ ಎರಡು ಮೂರು ದಿನ ಹೆಚ್ಚುವರಿಯಾಗಿ ಇಟ್ಟುಕೊಳ್ಳಿ, ಏಕೆಂದರೆ ಹವಾಮಾನದ ಕಾರಣಕ್ಕೆ ಮುಂದೂಡಿಕೆ ಆಗಾಗ ಆಗುತ್ತದೆ. ಮೈಸೂರಿನ ಮನೆಯವರು ನೇರಪ್ರಸಾರ ನೋಡುವುದಾದರೆ ನಮ್ಮ ಗಡಿಯಾರ ಅಲ್ಲಿಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಮುಂದಿರುತ್ತದೆ ಎಂದು ತಿಳಿಸಿಡಿ. ಶುಕ್ಲಾ ಅವರು ಹೊರಟಾಗ ಇಲ್ಲಿ ನಡುಮಧ್ಯಾಹ್ನ, ಅಲ್ಲಿ ನಡುರಾತ್ರಿ ಕಳೆದು ಎರಡೂವರೆ. ದಂಡೆಯಲ್ಲಿ ಜಾಗ ಹಿಡಿಯಲು ಕೆಲವು ಗಂಟೆ ಮೊದಲೇ ಹೋಗಿ, ಕುಡಿಯುವ ನೀರು ಮತ್ತು ಮಡಚುವ ಕುರ್ಚಿ ಜೊತೆಗಿರಲಿ. ಬೆಂಕಿ ಕಂಡೊಡನೆ ಎಣಿಸಲು ಆರಂಭಿಸಿ: ಬೆಳಕು ಕ್ಷಣದಲ್ಲೇ ಬಂದರೂ ಶಬ್ದ 20 ಕಿಲೋಮೀಟರ್ ದಾಟಿ ಬರಲು ಹೆಚ್ಚುಕಡಿಮೆ ಒಂದು ನಿಮಿಷ ಹಿಡಿಯುತ್ತದೆ. ರಾಕೆಟ್ ಕಣ್ಣಿಗೆ ಮರೆಯಾದ ಕೂಡಲೇ ಕಾರಿನತ್ತ ಧಾವಿಸಬೇಡಿ. ರಸ್ತೆಯೆಲ್ಲ ತುಂಬಿರುತ್ತದೆ, ಒಂದು ಗಂಟೆ ಅಲ್ಲೇ ಕುಳಿತು ಹೊರಡಿ.