ಆಕ್ಟೇವಿಯಾ ಆರ್‌ಎಸ್ 230ಕ್ಕೆ ಐಎಸ್38 ಟರ್ಬೊ: ಕೂರಿಸುವ ಮುಂಚೆ, ಕೂರಿಸುವಾಗ, ಕೂರಿಸಿದ ಮೇಲೆ

2017ರಲ್ಲಿ ಭಾರತಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230ರಲ್ಲಿರುವುದು ಏಳನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಕುಟುಂಬದ ಎಂಜಿನ್ನೇ: 1984 ಸಿಸಿ ಇಎ888, 230 ಪಿಎಸ್, 350 ಎನ್‌ಎಂ, ಆರು ಗೇರಿನ ಡಿಕ್ಯೂ250 ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್). ಇದರ ಐಎಸ್20 ಟರ್ಬೊ (ಹೊರಹೋಗುವ ಹೊಗೆಯ ಬಲದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಭಾಗ) ಬಿಚ್ಚಿ ಗಾಲ್ಫ್ ಆರ್‌ನ ಐಎಸ್38 ಹಾಕುವುದು ಹಳೆಯ, ಪಳಗಿದ ಕೆಲಸ. ಕತ್ತರಿಸಬೇಕಿಲ್ಲ, ವೆಲ್ಡಿಂಗ್ ಬೇಕಿಲ್ಲ, ಒಂದೇ ದಿನದಲ್ಲಿ ಮುಗಿಯುತ್ತದೆ. ಆದರೆ ಎಂಜಿನ್ ಬಾಳುವುದೋ ಇಲ್ಲವೋ ಎನ್ನುವುದನ್ನು ನಿರ್ಧರಿಸುವುದು ಪೆಟ್ರೋಲ್, ಶಾಖ ಮತ್ತು ಗೇರ್‌ಬಾಕ್ಸ್.

ದಿನವೂ ಟ್ರಾಫಿಕ್‌ನಲ್ಲೇ ಓಡುವ ಕಾರಾದರೆ ಇದು ಬೇಡ. ಐಎಸ್38 ದೊಡ್ಡದು, ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ತಡವಾಗಿ ಬರುತ್ತದೆ. 3000 ಆರ್‌ಪಿಎಂ ಕೆಳಗೆ ಹಳೆಯ ಟರ್ಬೊವೇ ಚುರುಕು. ಅಂಥವರು ಐಎಸ್20 ಮೇಲೆ ಸ್ಟೇಜ್ 1 ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಮಾತ್ರ ತಿದ್ದುವುದು) ಮಾಡಿಸಿಕೊಂಡು ನೆಮ್ಮದಿಯಾಗಿರಬಹುದು.

ಮೊದಲು ಎಂಜಿನ್ ಆರೋಗ್ಯ ನೋಡಿ. ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಷನ್ ಅಳೆಯಿರಿ. ಒಂದು ಮಾತ್ರ ಹಿಂದೆ ಬಿದ್ದಿದ್ದರೆ ಟರ್ಬೊ ಮಾತು ಅಲ್ಲಿಗೇ ನಿಲ್ಲಲಿ. ಇನ್‌ಟೇಕ್ ಪೈಪುಗಳಿಗೆ ಸ್ಮೋಕ್ ಟೆಸ್ಟ್ ಮಾಡಿ ಸೋರಿಕೆ ಹುಡುಕಿ. ಥರ್ಮೋಸ್ಟಾಟ್ ಮತ್ತು ವಾಟರ್ ಪಂಪಿನ ಪ್ಲಾಸ್ಟಿಕ್ ಹೌಸಿಂಗ್ ಈ ಎಂಜಿನ್ನಿನ ಹಳೇ ರೋಗ. ಅಲ್ಲಿ ಕೂಲಂಟ್ ಒಣಗಿದ ಕಲೆ ಕಂಡರೆ ಈಗಲೇ ಬದಲಿಸಿ.

ಟರ್ಬೊ ಜೊತೆಗೆ ಬೇಕಾಗುವುದು: ಹೊಸ ಗ್ಯಾಸ್ಕೆಟ್, ಹೊಸ ನಟ್‌ಗಳು, ಆಯಿಲ್ ಮತ್ತು ಕೂಲಂಟ್ ಪೈಪುಗಳ ಹೊಸ ವಾಷರ್‌ಗಳು, ಒಂದು ಹಂತ ತಣ್ಣನೆಯ ಸ್ಪಾರ್ಕ್ ಪ್ಲಗ್ (ಶಾಖವನ್ನು ಬೇಗ ಬಿಟ್ಟುಕೊಡುವಂಥದ್ದು, ಗ್ಯಾಪ್ 0.6ರಿಂದ 0.7 ಮಿ.ಮೀ.), ದೊಡ್ಡ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿ ತಣಿಸುವ ರೇಡಿಯೇಟರ್), ಹೈ‑ಫ್ಲೋ ಕ್ಯಾಟ್ (ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್) ಇರುವ ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಬರುವ ಮೊದಲ ಪೈಪ್). ಕ್ಯಾಟ್ ಪೂರ್ತಿ ತೆಗೆಸಬೇಡಿ, ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. ನೋಂದಣಿ ಪುಸ್ತಕದ ವಿವರಕ್ಕೆ ಹೊಂದದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ, ವಿಮೆಯವರೂ ಇದನ್ನೇ ಹಿಡಿದು ಕ್ಲೇಮ್ ತಳ್ಳಿಹಾಕಬಹುದು. ಇದನ್ನು ತಿಳಿದೇ ಕೈ ಹಾಕಿ. ಸೆಕೆಂಡ್‌ಹ್ಯಾಂಡ್ ಟರ್ಬೊ ಕೊಳ್ಳುವವರು ಶಾಫ್ಟ್ ಹಿಡಿದು ಹಿಂದೆ ಮುಂದೆ ಎಳೆದು ನೋಡಿ. ಆ ದಿಕ್ಕಿನಲ್ಲಿ ಕೈಗೆ ತಿಳಿಯುವಷ್ಟು ಆಟ ಇರಲೇಬಾರದು.

ಕೂರಿಸುವಾಗ ಅವಸರ ಕೆಡಿಸುವ ಜಾಗ ಆಯಿಲ್ ಪೈಪು. ಹಳೆಯ ವಾಷರನ್ನೇ ಮತ್ತೆ ಹಾಕಿದರೆ ಮೊದಲ ದಿನ ಏನೂ ಕಾಣುವುದಿಲ್ಲ; ವಾರದೊಳಗೆ ಬಿಸಿ ಟರ್ಬೊ ಮೇಲೆ ಆಯಿಲ್ ಒಸರಿ ಸುಟ್ಟ ವಾಸನೆ ಬರುತ್ತದೆ. ಪೈಪ್ ಜೋಡಿಸುವ ಮುಂಚೆ ಟರ್ಬೊದ ಆಯಿಲ್ ರಂಧ್ರಕ್ಕೆ ಹೊಸ ಎಂಜಿನ್ ಆಯಿಲ್ ತೊಟ್ಟಿಕ್ಕಿಸಿ, ಟರ್ಬೊದ ಚಕ್ರವನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ. ಎಲ್ಲ ಬಿಗಿದ ಮೇಲೆ ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಟರ್‌ಗಳನ್ನು ಕಳಚಿ, ಹತ್ತು ಹತ್ತು ಸೆಕೆಂಡಿನಂತೆ ಮೂರ್ನಾಲ್ಕು ಬಾರಿ ಕ್ರ್ಯಾಂಕ್ ಮಾಡಿ. ಆಯಿಲ್ ತಲುಪದೆ ಒಣಗಿದ ಬೇರಿಂಗ್ ಮೊದಲ ಸ್ಟಾರ್ಟಿನಲ್ಲೇ ಸವೆಯುತ್ತದೆ. ಆಮೇಲೆ ಸ್ಕ್ಯಾನರ್ ಜೋಡಿಸಿ ವೇಸ್ಟ್‌ಗೇಟ್ ಅಡಾಪ್ಟೇಷನ್ (ಬೂಸ್ಟನ್ನು ಮಿತಿಯಲ್ಲಿಡುವ ಬಾಗಿಲಿನ ಸ್ಥಾನವನ್ನು ಕಂಪ್ಯೂಟರಿಗೆ ಹೊಸದಾಗಿ ಕಲಿಸುವುದು) ಮಾಡಿ, ಕೂಲಂಟಿನಲ್ಲಿರುವ ಗಾಳಿ ಪೂರ್ತಿ ಹೊರಗೆ ಹಾಕಿ. ಅಡಾಪ್ಟೇಷನ್ ಬಿಟ್ಟರೆ ಬೂಸ್ಟ್ ಏರಿಳಿಯುತ್ತದೆ, ಪಾಪ ಟರ್ಬೊ ಮೇಲೆ ತಪ್ಪು ಬೀಳುತ್ತದೆ.

ಇನ್ನು ಮ್ಯಾಪ್, ಅಂದರೆ ಎಂಜಿನ್ ಕಂಪ್ಯೂಟರಿಗೆ ಹಾಕುವ ಸೆಟ್ಟಿಂಗ್ ಫೈಲ್. ಅಮೆರಿಕದ 93 ಆಕ್ಟೇನ್ ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 98. ಅಲ್ಲಿನ ಫೈಲನ್ನು ಇಲ್ಲಿನ 95ಕ್ಕೆ ಹಾಕಿದರೆ ನಾಕ್ (ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ಸಿಡಿಯುವುದು) ಖಂಡಿತ. 97 ಅಥವಾ 100 ಆಕ್ಟೇನ್ ಸದಾ ಸಿಗದ ಊರಿನಲ್ಲಿದ್ದರೆ 95ಕ್ಕೇ ಮ್ಯಾಪ್ ಬರೆಸಿ, ಸಿಗುವ ಪವರ್‌ಗೆ ತೃಪ್ತಿಪಡಿ. ಬೆಂಗಳೂರಿನವರಿಗೆ ಇನ್ನೊಂದು ಲೆಕ್ಕ ಇದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವ ಇಲ್ಲಿ ಗಾಳಿಯ ಒತ್ತಡ 0.91 ಬಾರ್ ಆಸುಪಾಸು. ಮ್ಯಾನಿಫೋಲ್ಡಿನಲ್ಲಿ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಭಾಗದಲ್ಲಿ) 2.5 ಬಾರ್ ಕಟ್ಟಲು ಮಂಗಳೂರಿನಲ್ಲಿ ಟರ್ಬೊ ಗಾಳಿಯನ್ನು ಸುಮಾರು ಎರಡೂವರೆ ಪಟ್ಟು ಒತ್ತಿದರೆ ಸಾಕು, ಇಲ್ಲಿ 2.75 ಪಟ್ಟು ಒತ್ತಬೇಕು. ಟರ್ಬೊದ ಚಕ್ರ ಜೋರಾಗಿ ತಿರುಗುತ್ತದೆ, ಗಾಳಿಯೂ ಹೆಚ್ಚು ಬಿಸಿಯಾಗುತ್ತದೆ. ಬೇರೆ ಊರಿನ ಫೈಲನ್ನು ಇಲ್ಲಿ ಲಾಗ್ (ಓಡುವಾಗ ಎಂಜಿನ್ ಕಂಪ್ಯೂಟರ್ ಕೊಡುವ ಅಂಕಿಗಳ ದಾಖಲೆ) ನೋಡದೆ ಓಡಿಸಬಾರದು.

ಲಾಗ್ ತೆಗೆಯುವುದು ಡೈನೋ (ಕಾರನ್ನು ನಿಂತಲ್ಲೇ ಓಡಿಸಿ ಪವರ್ ಅಳೆಯುವ ಯಂತ್ರ) ಮೇಲೆ, ಮುಂದೆ ದೊಡ್ಡ ಫ್ಯಾನ್ ಇಟ್ಟು, ನಾಲ್ಕನೇ ಗೇರಿನಲ್ಲಿ 2000ದಿಂದ 6500 ಆರ್‌ಪಿಎಂವರೆಗೆ. ಒಂದೇ ಸಿಲಿಂಡರ್ ಪದೇ ಪದೇ ನಾಲ್ಕೈದು ಡಿಗ್ರಿ ಟೈಮಿಂಗ್ ಹಿಂದೆಳೆಯುತ್ತಿದ್ದರೆ (ನಾಕ್ ತಡೆಯಲು ಕಿಡಿ ತಡವಾಗಿ ಹಾರುತ್ತಿದ್ದರೆ) ಆ ಪ್ಲಗ್ಗು, ಕಾಯಿಲ್ಲು, ಇಂಜೆಕ್ಟರ್ ನೋಡಿ. ನಾಲ್ಕೂ ಎಳೆಯುತ್ತಿದ್ದರೆ ಪೆಟ್ರೋಲ್ ಕಳಪೆ ಅಥವಾ ಇನ್‌ಟೇಕ್ ಗಾಳಿ ಬಿಸಿ. ಫ್ಯುಯೆಲ್ ರೈಲ್ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪ್) ಒತ್ತಡ, ಕಂಪ್ಯೂಟರ್ ಕೇಳುವ 200 ಬಾರಿನ ಹತ್ತಿರ ನಿಲ್ಲಬೇಕು. ಆರ್‌ಪಿಎಂ ಏರಿದಂತೆ ಅದು ಜಾರುತ್ತಾ ಹೋದರೆ ಪಂಪ್ ಸೋತಿದೆ, ಬೂಸ್ಟ್ ಇಳಿಸಿ.

ಆರ್‌ಪಿಎಂ ಏರಿ ಕಾರಿನ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಎಂಜಿನ್ ಮ್ಯಾಪ್ ಜೊತೆಗೇ ಡಿಎಸ್‌ಜಿಯ ಟಿಸಿಯು (ಗೇರ್‌ಬಾಕ್ಸಿನ ಕಂಪ್ಯೂಟರ್) ಮ್ಯಾಪ್ ಮಾಡಿಸಿ ಕ್ಲಚ್ ಒತ್ತಡ ಏರಿಸಿಕೊಳ್ಳಿ. ಅದರ ಆಯಿಲ್ ಮತ್ತು ಫಿಲ್ಟರನ್ನೂ ಈಗಲೇ ಬದಲಿಸಿ. ಮಟ್ಟ ನೋಡುವಾಗ ಎಂಜಿನ್ ಓಡುತ್ತಿರಬೇಕು, ಗೇರ್ ಆಯಿಲ್ 35ರಿಂದ 45 ಡಿಗ್ರಿಯೊಳಗೆ ಇರಬೇಕು, ಕೆಳಗಿನ ರಂಧ್ರದಿಂದ ಹನಿ ಹನಿ ಮಾತ್ರ ಬೀಳಬೇಕು. ಧಾರೆಯಾಗಿ ಸುರಿದರೆ ಇನ್ನೂ ಹೆಚ್ಚಿದೆ, ಹನಿಗೆ ಇಳಿಯುವವರೆಗೆ ಕಾಯಿರಿ.

ಮೊದಲ 500 ಕಿ.ಮೀ. ಆದ ಮೇಲೆ ಎಂಜಿನ್ ಆಯಿಲ್ ಬದಲಿಸಿ, ಸುಮಾರು 5.7 ಲೀಟರ್ ಹಿಡಿಯುತ್ತದೆ. ಹಳೆಯ ಫಿಲ್ಟರ್ ಬಿಚ್ಚಿ ಮಡಿಕೆಗಳಲ್ಲಿ ಲೋಹದ ಹೊಳಪಿದೆಯೇ ನೋಡಿ, ಕಾರು ಲಿಫ್ಟ್ ಮೇಲಿರುವಾಗಲೇ ಡೌನ್‌ಪೈಪ್ ಕ್ಲ್ಯಾಂಪನ್ನು ಇನ್ನೊಮ್ಮೆ ಬಿಗಿಯಿರಿ.